ಉಪಕೋಸಲನ ಮೌನ

ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಸತ್ಯಕಾಮ ಜಾಬಾಲನು ಎರಡು ಬಾರಿ ಕಾಣಿಸಿಕೊಳ್ಳುತ್ತಾನೆ; ಮೊದಲು ಶಿಷ್ಯನಾಗಿ, ಅನಂತರ ಗುರುವಾಗಿ. ಗೋತ್ರವನ್ನರಿಯದ ಬಾಲಕನು ಹಾರಿದ್ರುಮತ ಗೌತಮನ ಮುಂದೆ ಸತ್ಯವನ್ನೇ ನುಡಿದ ಪೂರ್ವಕಥೆಯು ಸರ್ವಜನವಿದಿತವಾದುದು. ಉತ್ತರಕಥೆಯನ್ನಾದರೋ ಪಂಡಿತರು ಉಪಾಸನಾವಿಚಾರಕ್ಕಾಗಿ ಓದುವರೇ ಹೊರತು, ಅದರಲ್ಲಿ ಗುರುಶಿಷ್ಯರು ಪರಸ್ಪರ ಏನನ್ನು ಹೇಳದೆ ಉಳಿಸಿದರೆಂಬುದನ್ನು ಲಕ್ಷಿಸುವುದು ವಿರಳ.

ಕಾಮಲಾಯನನಾದ ಉಪಕೋಸಲನು ಸತ್ಯಕಾಮನಲ್ಲಿ 12 ವರ್ಷಗಳ ಕಾಲ ಬ್ರಹ್ಮಚರ್ಯದಿಂದಿದ್ದು ಅಗ್ನಿಗಳನ್ನು ಪರಿಚರಿಸಿದನು. ಗುರುವು ಇತರ ಶಿಷ್ಯರಿಗೆ ಸಮಾವರ್ತನವನ್ನು ಮಾಡಿಸಿ ಮನೆಗೆ ಕಳುಹಿಸಿದನು, ಇವನೊಬ್ಬನನ್ನು ಕಳುಹಿಸಲಿಲ್ಲ. ಕಾರಣವನ್ನು ಶ್ರುತಿಯು ಹೇಳುವುದಿಲ್ಲ. ಶಿಷ್ಯನನ್ನು ಪರೀಕ್ಷಿಸುವುದಕ್ಕಾಗಿ ಎಂದು ಸಮಾಧಾನ ಹೇಳುವವರುಂಟು. ಅದು ಗುರುವನ್ನು ಕಾಪಾಡುವ ಭಕ್ತಿಯಿಂದ ಹುಟ್ಟಿದ ಮಾತೇ ಹೊರತು ಮೂಲಾಕ್ಷರಗಳಿಂದ ಹುಟ್ಟಿದುದಲ್ಲ. ಮೂಲದಲ್ಲಿರುವುದು ಇಷ್ಟೆ: ಗುರುವು ಹೇಳಲಿಲ್ಲ, ಶಿಷ್ಯನು ಕೇಳಲಿಲ್ಲ. ತನ್ನ ಬಿಡುಗಡೆಯನ್ನು ತಾನೇ ಕೇಳಬಾರದೆಂಬ ವಿಧಿಯು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದುದಾಗಿ ಕಾಣದು. ಆದರೂ ಉಪಕೋಸಲನು ಅದನ್ನು ಅಕ್ಷರಶಃ ಪಾಲಿಸಿದನು.

ಈ ಮೌನವನ್ನು ಮೊದಲು ಮುರಿದವಳು ಗುರುಪತ್ನಿ. ಬ್ರಹ್ಮಚಾರಿಯು ತಪಸ್ಸಿನಿಂದ ಬಳಲಿದ್ದಾನೆ, ಅಗ್ನಿಗಳು ನಿನ್ನನ್ನು ನಿಂದಿಸುವ ಮೊದಲೇ ಅವನಿಗೆ ಉಪದೇಶಿಸು ಎಂದು ಆಕೆ ಪತಿಗೆ ಹೇಳಿದಳು. ಸತ್ಯಕಾಮನು ಉತ್ತರವನ್ನೇ ಕೊಡದೆ ಪ್ರವಾಸಕ್ಕೆ ಹೊರಟುಹೋದನು. ಶಿಷ್ಯನು ಅನ್ನವನ್ನು ಬಿಟ್ಟನು. ಏಕೆ ಉಣ್ಣುವುದಿಲ್ಲವೆಂದು ಆಕೆಯೇ ಕೇಳಿದಾಗ, ನಾನಾ ಕಾಮನೆಗಳ ವ್ಯಾಧಿಯು ತನ್ನನ್ನು ತುಂಬಿದೆಯೆಂದನು. ಗುರುವಿನ ಹೆಸರನ್ನು ಎತ್ತಲಿಲ್ಲ; ತಪ್ಪನ್ನೆಲ್ಲ ತನ್ನೊಳಗೇ ಇಟ್ಟುಕೊಂಡನು.

ಇಲ್ಲಿಂದ ಮುಂದಿನ ಭಾಗವು ವಿಶೇಷವಾಗಿ ವಿಚಾರಾರ್ಹವಾದುದು. ಅಗ್ನಿಗಳು ಕನಿಕರದಿಂದ ಪ್ರಾಣವೂ 'ಕ'ವೂ 'ಖ'ವೂ ಬ್ರಹ್ಮವೆಂದು ಉಪದೇಶಿಸಲಾಗಿ, ಉಪಕೋಸಲನು ಕೂಡಲೇ, ಪ್ರಾಣವೆಂಬುದು ತಿಳಿಯಿತು, ಉಳಿದೆರಡು ತಿಳಿಯಲಿಲ್ಲವೆನ್ನುತ್ತಾನೆ. ಹನ್ನೆರಡು ವರ್ಷ ಗುರುವಿನ ಮುಂದೆ ಬಾಯಿ ತೆರೆಯದವನು ಬೆಂಕಿಯ ಮುಂದೆ ಎಷ್ಟು ಸಲೀಸಾಗಿ ತನ್ನ ಅಜ್ಞಾನವನ್ನು ಒಪ್ಪಿಕೊಂಡನು! (ಇಂದಿನ ಶಾಲೆಗಳಲ್ಲಿಯೂ 'ತಿಳಿಯಿತೆ?' ಎಂಬ ಪ್ರಶ್ನೆಗೆ ತರಗತಿಯೆಲ್ಲ ಏಕಕಂಠದಿಂದ 'ತಿಳಿಯಿತು' ಎನ್ನುವುದೂ, ಗಂಟೆ ಬಾರಿಸಿದ ಮೇಲೆ ಜಗಲಿಯಲ್ಲಿ ಒಬ್ಬರನ್ನೊಬ್ಬರು ಕೇಳಿ ತಿಳಿಯುವುದೂ ಉಪಾಧ್ಯಾಯರಿಗೆ ಅಪರಿಚಿತವಲ್ಲ.)

ಗುರುವು ಹಿಂದಿರುಗಿ, ನಿನ್ನ ಮುಖವು ಬ್ರಹ್ಮಜ್ಞನ ಮುಖದಂತೆ ಬೆಳಗುತ್ತಿದೆ, ನಿನಗೆ ಉಪದೇಶಿಸಿದವರಾರು ಎಂದು ಕೇಳುತ್ತಾನೆ. ಇದೇ ಪ್ರಶ್ನೆಯನ್ನು ಹಿಂದೆ ಗೌತಮನು ಸತ್ಯಕಾಮನಿಗೇ ಹಾಕಿದ್ದನು. ವೃಷಭ, ಅಗ್ನಿ, ಹಂಸ, ಮದ್ಗುಗಳಿಂದ ಉಪದೇಶ ಪಡೆದು ಬಂದಿದ್ದ ಆ ಸತ್ಯಕಾಮನು, ಮನುಷ್ಯರಲ್ಲದವರು ಹೇಳಿದರು, ಆದರೆ ತಾವೇ ಹೇಳಬೇಕೆಂದು ನಿರ್ಭಯವಾಗಿ ಉತ್ತರಿಸಿದನು. ಉಪಕೋಸಲನಾದರೋ ನನಗೆ ಯಾರು ತಾನೇ ಉಪದೇಶಿಸಿಯಾರೆಂದು ಮರೆಮಾಚುವಂತೆ ನುಡಿದು, ಅಗ್ನಿಗಳ ಕಡೆಗೆ ಸೂಚಿಸುತ್ತಾನೆ. ಅವನು ಪೂರ್ಣವಾಗಿ ಮರೆಮಾಚಲೂ ಇಲ್ಲ, ಉಪದೇಶವನ್ನು ಇದ್ದಂತೆ ಹೇಳಲೂ ಇಲ್ಲವೆಂಬುದು ಶಂಕರಾಚಾರ್ಯರ ಭಾಷ್ಯದ ತಾತ್ಪರ್ಯ. ಆಚಾರ್ಯರು ಶಬ್ದಾರ್ಥವನ್ನು ಸೂಕ್ಷ್ಮವಾಗಿ ತೂಗಿರುವರು. ಆದರೆ ಸತ್ಯವಚನದಿಂದಲೇ ಉಪನಯನವನ್ನು ಪಡೆದ ಗುರುವಿನ ಶಿಷ್ಯನು ಅರೆಸತ್ಯದ ಆಶ್ರಯ ಪಡೆಯುವಂತಾದುದು ಹೇಗೆಂಬ ಪ್ರಶ್ನೆಯು ಹಾಗೆಯೇ ನಿಲ್ಲುತ್ತದೆ. ದೋಷವು ಶಿಷ್ಯನದಲ್ಲ. ಗೌತಮನು ಮೊದಲ ದಿನವೇ ನಿಜವನ್ನಾಡಿದವನನ್ನು ಮೆಚ್ಚಿ ಸ್ವೀಕರಿಸಿದನು. ಸತ್ಯಕಾಮನ ಮನೆಯಲ್ಲಿ ನುಡಿದರೆ ಏನಾದೀತೆಂಬುದು ಶಿಷ್ಯನಿಗೆ ಎಂದೂ ತಿಳಿದಿರಲಿಲ್ಲ.

ಪ್ರಾಚೀನ ಗುರುಕುಲವೆಂದರೆ ಮೂಕವಿಧೇಯತೆಯೆಂದು ಇದರಿಂದ ಸಾಧಿಸಹೊರಡುವುದೂ ಸಾಧುವಲ್ಲ. ಪ್ರಶ್ನೋಪನಿಷತ್ತಿನಲ್ಲಿ ಪಿಪ್ಪಲಾದನು ತನ್ನ ಬಳಿಗೆ ಬಂದ ಆರು ಮಂದಿಗೆ, ಒಂದು ವರ್ಷ ಇಲ್ಲಿರಿ, ಅನಂತರ ಇಷ್ಟಬಂದಂತೆ ಕೇಳಿರಿ, ನಮಗೆ ತಿಳಿದಿದ್ದರೆ ಎಲ್ಲವನ್ನೂ ಹೇಳುವೆವೆಂದು ಮೊದಲೇ ನುಡಿದನು. ಅವಧಿಯೂ ಪ್ರಕಟ, ಗುರುವಿನ ಜ್ಞಾನಕ್ಕಿರಬಹುದಾದ ಮೇರೆಯೂ ಪ್ರಕಟ. ಒಂದು ವರ್ಷದ ನಿಯಮವು ಶಿಷ್ಯರಿಗೆ ಭಾರವಾದಂತೆ ಎಲ್ಲಿಯೂ ತೋರದು. ಉಪಕೋಸಲನನ್ನು ಹಾಸಿಗೆ ಹಿಡಿಸಿದುದು ಹನ್ನೆರಡು ವರ್ಷಗಳ ದೈರ್ಘ್ಯಕ್ಕಿಂತ ಹೆಚ್ಚಾಗಿ ಅವುಗಳ ಕೊನೆಯು ಕಾಣದಿದ್ದುದೇ ಎಂದು ಊಹಿಸಬಹುದು.

ಸತ್ಯಕಾಮನ ಪರವಾಗಿಯೂ ಒಂದು ಮಾತುಂಟು. ಶಿಷ್ಯನ ಹಿಂಜರಿಕೆಯನ್ನು ಅವನು ಗದರಿಸಲಿಲ್ಲ. ಅಗ್ನಿಗಳು ಲೋಕಗಳನ್ನು ಮಾತ್ರ ಹೇಳಿದುವು, ಉಳಿದುದನ್ನು ನಾನು ಹೇಳುವೆನೆಂದನು. ಆಗ ಉಪಕೋಸಲನು, ಪೂಜ್ಯರು ನನಗೆ ಹೇಳಬೇಕೆಂದು ಬಾಯಿಬಿಟ್ಟು ಕೇಳಿದನು; ಈ ಕಥೆಯಲ್ಲಿ ಗುರುವನ್ನು ಅವನು ಬೇಡಿದುದು ಅದೇ ಮೊದಲು. ಉಪದೇಶವು ದೇವಯಾನದ ವರ್ಣನೆಯೊಡನೆ ಮುಗಿಯುತ್ತದೆ. ಅವನ ಸಮಾವರ್ತನದ ಮಾತು ಅಲ್ಲಿಯೂ ಬರುವುದಿಲ್ಲ.