ಮನೆ ಕೊಳ್ಳುವವರ ಸೊಲಿಸಿಟರ್ ಯಾರ ಪರ?

ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗರಿಗೆ ಅಲ್ಲಿನ ಭೂದಾಖಲೆ ಕಂಡಾಗ ಮೊದಲು ಆಗುವುದು ನಿರಾಳ. ನಮ್ಮ ಊರಿನ ಸಬ್‌ರಿಜಿಸ್ಟ್ರಾರ್ ಕಚೇರಿ ಕ್ರಯಪತ್ರವನ್ನು ನೋಂದಾಯಿಸುತ್ತದೆ, ಅಷ್ಟೆ. ಮಾರಿದವನಿಗೆ ಮಾರುವ ಹಕ್ಕಿತ್ತೇ ಎಂಬುದಕ್ಕೆ ಸರ್ಕಾರ ಹೊಣೆ ಹೊರುವುದಿಲ್ಲ. ಅದಕ್ಕೇ ಮೂಲಪತ್ರ, ಇಸಿ, ಖಾತೆ, ವಂಶವೃಕ್ಷ ಎಲ್ಲ ಹೊತ್ತುಕೊಂಡು ವಕೀಲರ ಬಳಿ ಹೋಗಿ ಲೀಗಲ್ ಒಪಿನಿಯನ್ ಬರೆಸುತ್ತೇವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1862ರಲ್ಲಿ ಶುರುವಾದ ಲ್ಯಾಂಡ್ ರಿಜಿಸ್ಟ್ರಿ ನೋಂದಾಯಿಸುವುದು ಮಾಲೀಕತ್ವವನ್ನೇ. ನೋಂದಣಿಯ ತಪ್ಪಿನಿಂದ ನಷ್ಟವಾದರೆ ಪರಿಹಾರವನ್ನೂ ಕಾನೂನು ಕೊಡಿಸುತ್ತದೆ. ಕೆಲವೇ ಪೌಂಡ್ ಕಟ್ಟಿದರೆ ಯಾರು ಬೇಕಾದರೂ ನೋಂದಾಯಿತ ಮನೆಯ ದಾಖಲೆ ತೆಗೆದು ನೋಡಬಹುದು. ಇಷ್ಟೆಲ್ಲ ಇರುವಾಗ ಖರೀದಿ ನಡೆಸಿಕೊಡುವ ಅಲ್ಲಿನ ವಕೀಲರ, ಅಂದರೆ ಸೊಲಿಸಿಟರ್ ಕೆಲಸ ಬರೀ ಕಾಗದ ದಾಟಿಸುವುದು, ಅಗ್ಗಕ್ಕೆ ಸಿಕ್ಕವರು ಸಾಕು ಎಂದು ಅನ್ನಿಸುವುದು ಸಹಜ. ಹಾಗೆ ನಂಬಿ ಅನೇಕ ಕುಟುಂಬಗಳು ಪೆಟ್ಟು ತಿಂದಿವೆ.

ದಾಖಲೆ ಬಹಳಷ್ಟನ್ನು ಹೇಳುತ್ತದೆ. ಮಾಲೀಕರು ಯಾರು, ಯಾವ ಬ್ಯಾಂಕಿನ ಅಡಮಾನವಿದೆ, ಮುಂದಿನ ಅಂಗಳಕ್ಕೆ ಬೇಲಿ ಹಾಕಬಾರದು, ಕೋಳಿ ಸಾಕಬಾರದು ಎಂಬ ಹಳೆಯ ಕಟ್ಟುಪಾಡುಗಳೇನಾದರೂ ಇವೆಯೇ, ಎಲ್ಲವೂ ಅದರಲ್ಲಿ ಸಿಗುತ್ತದೆ. ಆದರೆ ಹಿಂದಿನವರು ಅಡುಗೆಮನೆಯನ್ನು ಹಿಂದಕ್ಕೆ ಚಾಚಿ ಕಟ್ಟಿಸುವಾಗ ಅನುಮತಿ ಪಡೆದಿದ್ದರೇ, ಚರಂಡಿ ಯಾರ ಜಾಗದಡಿ ಹಾದುಹೋಗುತ್ತದೆ, ನೆರೆಯವರೊಂದಿಗೆ ಗೋಡೆಯ ತಕರಾರಿದೆಯೇ, ನೆಲದಡಿ ಹಳೆಯ ಕಲ್ಲಿದ್ದಲ ಗಣಿ ಇದೆಯೇ, ಇವು ಅಲ್ಲಿ ಸಿಗುವುದಿಲ್ಲ. ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬ ಹಳೆಯ ನಿಯಮ ಅಲ್ಲಿ ಇನ್ನೂ ಬಲವಾಗಿದೆ. ಸ್ಥಳೀಯ ಕೌನ್ಸಿಲ್, ನೀರು ಸರಬರಾಜು ಕಂಪನಿ, ಪರಿಸರ ಮಾಹಿತಿ, ಹೀಗೆ ಒಂದೊಂದು ಕಡೆಯಿಂದ ಶೋಧನಾ ವರದಿ ತರಿಸಿ, ಮಾರುವವರು ಮನೆಯ ವಿವರ ತುಂಬಿಕೊಟ್ಟ ಟಿಎ6 ನಮೂನೆಯೊಂದಿಗೆ ತಾಳೆ ನೋಡಿ, ಅನುಮಾನ ಬಂದಲ್ಲಿ ಪ್ರಶ್ನೆ ಕೇಳುವುದೇ ಸೊಲಿಸಿಟರ್‌ನ ನಿಜವಾದ ಕೆಲಸ.

ಈ ಕೆಲಸ ಯಾಂತ್ರಿಕವಾದರೆ ಏನಾಗುತ್ತದೆ ಎಂಬುದಕ್ಕೆ ಚರ್ಚ್ ದುರಸ್ತಿಯ ಹೊಣೆಯನ್ನು ನೋಡಬೇಕು. ವಾರಿಕ್‌ಷೈರ್‌ನ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಜಮೀನಿದ್ದ ದಂಪತಿಗೆ, ಶತಮಾನಗಳ ಹಿಂದೆ ಆ ಭೂಮಿಗೆ ಅಂಟಿಕೊಂಡಿದ್ದ ಕಟ್ಟುಪಾಡಿನ ಪ್ರಕಾರ ಊರ ಚರ್ಚಿನ ಗರ್ಭಾಂಗಣವನ್ನು ದುರಸ್ತಿ ಮಾಡಿಸಬೇಕೆಂದು ನೋಟಿಸ್ ಬಂತು. ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಗಿ 2003ರಲ್ಲಿ ಅವರು ಸೋತರು. ಕೊನೆಗೆ ಅವರ ತಲೆಗೆ ಬಂದ ದುರಸ್ತಿ ವೆಚ್ಚ 1,80,000 ಪೌಂಡ್ ದಾಟಿತ್ತು. ಆಮೇಲೆ ಸೊಲಿಸಿಟರ್‌ಗಳು ಪ್ರತಿ ಖರೀದಿಗೂ ಚರ್ಚ್ ಶೋಧನೆಯನ್ನು ಸೇರಿಸತೊಡಗಿದರು, ಅದು ಸರಿಯೇ. ಆದರೆ 2013ರ ಅಕ್ಟೋಬರ್ 13ರಿಂದ ನಿಯಮ ಬದಲಾಯಿತು. ಆ ಹೊಣೆ ನೋಂದಣಿಯಲ್ಲಿ ದಾಖಲಾಗದಿದ್ದರೆ, ಆನಂತರ ಹಣ ಕೊಟ್ಟು ನೋಂದಾಯಿತ ಮನೆ ಕೊಂಡವರಿಗೆ ಅದು ತಟ್ಟುವುದಿಲ್ಲ. ಅಷ್ಟಾದರೂ ಆ ಶೋಧನೆ, ಅದರ ಜೊತೆಗೊಂದು ವಿಮೆ, ಇಂದಿಗೂ ಎಷ್ಟೋ ಸೊಲಿಸಿಟರ್‌ಗಳ ಬಿಲ್ಲಿನಲ್ಲಿ ಕಾಣಿಸುತ್ತವೆ. ಮೊತ್ತ ಸಣ್ಣದು. ಆದರೆ ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಕೆಲಸ ನಡೆಯುತ್ತಿದೆ, ಈ ಮನೆಗೆ ಬೇಕೇ ಎಂದು ಯೋಚಿಸಿ ನಡೆಯುತ್ತಿಲ್ಲ.

ಯೋಚಿಸಲೇಬೇಕಾದ ಕಡೆ ಯೋಚಿಸದಿದ್ದುದರ ಫಲ ಲೀಸ್‌ಹೋಲ್ಡ್ ಮನೆಗಳ ಪ್ರಕರಣದಲ್ಲಿ ಬಯಲಾಯಿತು. ಇಂಗ್ಲೆಂಡಿನ ಬಹುತೇಕ ಫ್ಲಾಟುಗಳು ಲೀಸ್‌ಹೋಲ್ಡ್. ದೀರ್ಘಾವಧಿಯ ಗುತ್ತಿಗೆಗೆ ಮನೆ ನಿಮ್ಮದು, ನೆಲ ಬೇರೆಯವರದು, ಅವರಿಗೆ ವರ್ಷವರ್ಷ ಗ್ರೌಂಡ್ ರೆಂಟ್ ಎಂಬ ನೆಲಬಾಡಿಗೆ. ಕೆಲವು ಬಿಲ್ಡರ್‌ಗಳು ಗುತ್ತಿಗೆ ಪತ್ರದಲ್ಲಿ ಈ ಬಾಡಿಗೆ ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂಬ ಕಲಂ ಸೇರಿಸಿದರು. ವರ್ಷಕ್ಕೆ 295 ಪೌಂಡ್ ಎಂದರೆ ಯಾರಿಗೂ ಭಾರವೆನಿಸದು. ಲೆಕ್ಕ ಹಾಕಿ ನೋಡಿ: ಹತ್ತು ವರ್ಷಕ್ಕೆ 590, ಇಪ್ಪತ್ತಕ್ಕೆ 1,180, ಐವತ್ತಕ್ಕೆ 9,440. ಇಂಥ ಕಲಂ ಇರುವ ಮನೆಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಸಾಲ ಸಿಗದ ಮನೆಯನ್ನು ಕೊಳ್ಳುವವರಿಲ್ಲ. ಮೊದಲ ಮನೆ ಕೊಂಡ ಎಳೆಯ ಕುಟುಂಬಗಳು ಮಾರಲೂ ಆಗದೆ ಸಿಕ್ಕಿಬಿದ್ದವು. 2017ರಲ್ಲಿ ಟೇಲರ್ ವಿಂಪಿ ಎಂಬ ದೊಡ್ಡ ಬಿಲ್ಡರ್ ಈ ಕಲಮುಗಳನ್ನು ಸರಿಪಡಿಸಲು 13 ಕೋಟಿ ಪೌಂಡ್ ತೆಗೆದಿಡಬೇಕಾಯಿತು. 2022ರ ಜೂನ್ 30ರಿಂದ ಬಹುತೇಕ ಹೊಸ ಗುತ್ತಿಗೆಗಳಲ್ಲಿ ನೆಲಬಾಡಿಗೆಯನ್ನೇ ಕಾನೂನು ತೆಗೆದುಹಾಕಿತು.

ಆ ಕುಟುಂಬಗಳಿಗೆಲ್ಲ ಸೊಲಿಸಿಟರ್ ಇದ್ದರು. ಗುತ್ತಿಗೆ ಪತ್ರ ಅವರ ಮೇಜಿನ ಮೇಲೆಯೇ ಇತ್ತು. ಎಚ್ಚರಿಕೆಯ ಮಾತು ಏಕೆ ಬರಲಿಲ್ಲ? ಎಷ್ಟೋ ಕಡೆ ಸೊಲಿಸಿಟರ್‌ನನ್ನು ಸೂಚಿಸಿದವರು ಬಿಲ್ಡರ್‌ಗಳೇ. ಇವರನ್ನು ಹಿಡಿದರೆ ಕೆಲಸ ಬೇಗ ಆಗುತ್ತದೆ, ರಿಯಾಯಿತಿಯೂ ಉಂಟು ಎಂಬ ಆಮಿಷವಿತ್ತು. ಸಂಸತ್ತಿನ ವಸತಿ ಸಮಿತಿ 2019ರ ವರದಿಯಲ್ಲಿ ಇಂಥ ಆಮಿಷಗಳನ್ನೇ ನಿಷೇಧಿಸಬೇಕೆಂದು ಶಿಫಾರಸು ಮಾಡಿತು. ನೂರು ಮನೆಯ ಬಡಾವಣೆಯ ಕೆಲಸ ಒಟ್ಟಿಗೆ ಕೊಡುವ ಬಿಲ್ಡರ್‌ಗೆ ವಿರುದ್ಧವಾಗಿ, ಒಮ್ಮೆ ಬಂದು ಹೋಗುವ ಗಿರಾಕಿಗೆ ‘ಈ ಮನೆ ಬೇಡ’ ಎನ್ನಲು ಎದೆಗಾರಿಕೆ ಬೇಕು. ವೃತ್ತಿಯ ಏರ್ಪಾಡೇ ಆ ಎದೆಗಾರಿಕೆಯನ್ನು ಕುಗ್ಗಿಸುವಂತಿದ್ದರೆ ಬರೀ ವ್ಯಕ್ತಿಯನ್ನು ದೂರಿ ಫಲವಿಲ್ಲ.

ಆಸ್ತಿ ವರ್ಗಾವಣೆಯ ಕೆಲಸದ ಮೇಲೆ ಸೊಲಿಸಿಟರ್‌ಗಳಿಗಿದ್ದ ಏಕಸ್ವಾಮ್ಯ ಶುರುವಾದದ್ದು 1804ರಲ್ಲಿ. 1985ರ ಕಾಯ್ದೆ ಅದನ್ನು ಮುರಿದು ಲೈಸೆನ್ಸ್ ಪಡೆದ ಕನ್ವೇಯನ್ಸರ್‌ಗಳೆಂಬ ವರ್ಗಾವಣೆ ವೃತ್ತಿಪರರಿಗೂ ಬಾಗಿಲು ತೆರೆಯಿತು. ಜನಸಾಮಾನ್ಯರಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಪೈಪೋಟಿ ದರದ ಸುತ್ತಲೇ ನಿಂತುಬಿಟ್ಟಿತು. ಇಂದು ಎಸ್ಟೇಟ್ ಏಜೆಂಟ್ ಒಂದು ಹೆಸರು ಸೂಚಿಸುತ್ತಾನೆ, ಅದಕ್ಕಾಗಿ ಆ ಸಂಸ್ಥೆಯಿಂದ ಅವನಿಗೆ ಕಮಿಷನ್ ಸಲ್ಲುತ್ತದೆ. ಅದನ್ನು ಗಿರಾಕಿಗೆ ತಿಳಿಸಬೇಕೆಂಬ ನಿಯಮವಿದೆ, ಕೊಡಲೇಬಾರದೆಂಬ ನಿಯಮವಿಲ್ಲ. ಅಪಘಾತ ಪರಿಹಾರದ ಮೊಕದ್ದಮೆಗಳಲ್ಲಿ ಇದೇ ಬಗೆಯ ಕಮಿಷನ್ನನ್ನು 2013ರಲ್ಲೇ ನಿಷೇಧಿಸಿದ ದೇಶ, ಜನ ಜೀವಮಾನದ ಉಳಿತಾಯ ಹಾಕುವ ಮನೆ ಖರೀದಿಯಲ್ಲಿ ಅದನ್ನು ಉಳಿಸಿಕೊಂಡಿರುವುದು ನನ್ನ ಮಟ್ಟಿಗೆ ಒಪ್ಪಲಾಗದ ಮಾತು. ವ್ಯವಹಾರ ಕುದುರದಿದ್ದರೆ ಶುಲ್ಕವಿಲ್ಲ ಎಂಬ ಜಾಹೀರಾತೂ ಗಿರಾಕಿಗೆ ಲಾಭವೆಂದು ತೋರುತ್ತದೆ. ವ್ಯವಹಾರ ಮುಗಿದರಷ್ಟೇ ಕಾಸು ಕಾಣುವ ವಕೀಲ ‘ನಿಲ್ಲಿಸಿ’ ಎಂದು ಹೇಳುವ ಸಂಭವ ಎಷ್ಟು ಎಂದು ಯೋಚಿಸಬೇಕು.

ಇನ್ನೊಂದು ಸಂಗತಿ ನಮ್ಮವರ ಗಮನಕ್ಕೆ ತಡವಾಗಿ ಬರುತ್ತದೆ. ನಿಮ್ಮ ಸೊಲಿಸಿಟರ್ ಸಾಮಾನ್ಯವಾಗಿ ಸಾಲ ಕೊಡುವ ಬ್ಯಾಂಕಿಗೂ ಸೊಲಿಸಿಟರ್. ಬ್ಯಾಂಕಿಗೆ ಬೇಕಾದ ವಿಷಯ ಗೊತ್ತಾದರೆ ತಿಳಿಸಲೇಬೇಕು, ನೀವು ಬೇಡವೆಂದರೆ ಕೆಲಸ ಬಿಡಬೇಕು. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವ ರೀಮಾರ್ಟ್‌ಗೇಜ್‌ನಲ್ಲಿ ಬ್ಯಾಂಕೇ ಉಚಿತವಾಗಿ ವಕೀಲರನ್ನು ಕೊಡುವುದುಂಟು. ಬರೀ ಸಾಲ ಬದಲಾಗುವುದಾದರೆ ಅಡ್ಡಿಯಿಲ್ಲ, ದುಡ್ಡು ಉಳಿಯಿತು. ಜೊತೆಗೆ ಹೆಂಡತಿಯ ಹೆಸರು ಸೇರಿಸಬೇಕು, ತಂದೆ ಹಾಕಿದ ಹಣಕ್ಕೆ ಪಾಲು ನಿಗದಿಯಾಗಬೇಕು ಎಂದಿದ್ದರೆ ಸ್ವಂತ ಸೊಲಿಸಿಟರ್ ಇರಲೇಬೇಕು.

ತಂದೆಯ ಹಣದ ವಿಷಯದಲ್ಲಿ ಮಾತ್ರ ನಾನು ಸೊಲಿಸಿಟರ್‌ಗಳ ಪರ. ಮೈಸೂರಿನ ನಿವೇಶನ ಮಾರಿ ಅಪ್ಪ ಮಗಳ ಮನೆಗೆಂದು ಹಣ ಕಳುಹಿಸಿದರೆ, ಅಲ್ಲಿನ ಸೊಲಿಸಿಟರ್ ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್, ಕ್ರಯಪತ್ರ, ಅದು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ, ಇದು ಸಾಲವಲ್ಲ ಉಡುಗೊರೆ ಎಂಬ ಸಹಿ ಮಾಡಿದ ಪತ್ರ ಎಲ್ಲ ಕೇಳುತ್ತಾರೆ. ‘ನಮ್ಮಪ್ಪನನ್ನೇ ಕಳ್ಳನಂತೆ ನೋಡುತ್ತಾರೆ’ ಎಂದು ಮಕ್ಕಳು ನೊಂದುಕೊಳ್ಳುತ್ತಾರೆ. ಅದು ಅವಮಾನವಲ್ಲ. ಅಕ್ರಮ ಹಣ ತಡೆಯುವ 2017ರ ನಿಯಮಗಳ ಪ್ರಕಾರ ಹಣದ ಮೂಲ ವಿಚಾರಿಸುವುದು ಅವರ ಕರ್ತವ್ಯ. ಕ್ರಯಪತ್ರದಲ್ಲಿ ಬರೆದ ಮೊತ್ತಕ್ಕೂ ಕೈಗೆ ಬಂದ ಮೊತ್ತಕ್ಕೂ ವ್ಯತ್ಯಾಸವಿಟ್ಟು ನಿವೇಶನ ಮಾರುವ ನಮ್ಮ ಊರಿನ ರೂಢಿ ಅಲ್ಲಿ ಬಂದು ಎಡವುತ್ತದೆ. ಆ ತಪ್ಪು ಸೊಲಿಸಿಟರ್‌ನದಲ್ಲ.

ತಡವಾಗುವುದಕ್ಕೂ ಎಲ್ಲರೂ ಅವರನ್ನೇ ಬೈಯುತ್ತಾರೆ. ಅರ್ಧ ಮಾತ್ರ ನ್ಯಾಯ. ಕರಾರು ವಿನಿಮಯವಾಗಿ, ಸಾಮಾನ್ಯವಾಗಿ ಬೆಲೆಯ ಶೇಕಡಾ 10ರಷ್ಟು ಮುಂಗಡ ಸಲ್ಲುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಒಬ್ಬರ ಮಾರಾಟ ಇನ್ನೊಬ್ಬರ ಖರೀದಿಗೆ ಕೊಂಡಿಯಾಗಿ ಸರಪಳಿ ಬೆಳೆಯುತ್ತದೆ, ಒಂದು ಕೊಂಡಿ ನಿಂತರೆ ಎಲ್ಲವೂ ನಿಲ್ಲುತ್ತದೆ. ಸ್ಕಾಟ್ಲೆಂಡಿನಲ್ಲಿ ಮನೆ ಮಾರಾಟಕ್ಕಿಡುವಾಗಲೇ ಅದರ ಸ್ಥಿತಿಗತಿಯ ವರದಿ ಸಿದ್ಧವಿರಬೇಕೆಂಬ ನಿಯಮ 2008ರ ಡಿಸೆಂಬರ್‌ನಿಂದಲೂ ಇದೆ. ಇಂಗ್ಲೆಂಡ್ 2007ರಲ್ಲಿ ಅಂಥದ್ದೇ ಪ್ರಯತ್ನ ಮಾಡಿ 2010ರಲ್ಲಿ ಕೈಬಿಟ್ಟಿತು. ಬಿಡಬಾರದಿತ್ತು.

ಅಲ್ಲಿ ಮನೆ ನೋಡುತ್ತಿರುವ ಕನ್ನಡಿಗರಿಗೆ ನನ್ನ ವಿನಂತಿ ಇಷ್ಟೆ. ಏಜೆಂಟ್ ಅಥವಾ ಬಿಲ್ಡರ್ ಕೊಟ್ಟ ಹೆಸರನ್ನು ಬದಿಗಿಟ್ಟು ಸೊಲಿಸಿಟರ್‌ನನ್ನು ನೀವೇ ಹುಡುಕಿ. ದರವನ್ನು ವೆಬ್‌ಸೈಟಿನಲ್ಲಿ ಪ್ರಕಟಿಸಬೇಕೆಂಬ ನಿಯಮ 2018ರಿಂದ ಇದೆ, ನಾಲ್ಕು ಕಡೆ ಹೋಲಿಸಿ ನೋಡಿ. ನನ್ನ ಕಡತವನ್ನು ಓದುವವರು ಯಾರು, ಅವರೊಂದಿಗೆ ನೇರವಾಗಿ ಫೋನಿನಲ್ಲಿ ಮಾತಾಡಬಹುದೇ, ನನ್ನ ಹೆಸರಿಗೆ ಯಾರಿಗಾದರೂ ಕಮಿಷನ್ ಹೋಗುತ್ತಿದೆಯೇ ಎಂದು ಮೊದಲ ದಿನವೇ ಕೇಳಿ. ಹಣ ಕಳುಹಿಸುವ ಖಾತೆಯ ಸಂಖ್ಯೆ ಬದಲಾಗಿದೆ ಎಂಬ ಇಮೇಲ್ ಬಂದರೆ ನಂಬದೆ, ನಿಮ್ಮ ಬಳಿ ಮೊದಲೇ ಇದ್ದ ನಂಬರಿಗೆ ಫೋನ್ ಮಾಡಿ. ಸೊಲಿಸಿಟರ್ ಕೊಡುವ ವರದಿ ಕೈಗೆ ಬಂದಾಗ ನೀವೇ ಕೂತು ಓದಿ, ಅರ್ಥವಾಗದ ಕಲಮಿನ ಅರ್ಥವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಅದು ಕೈಗೆ ಬರುವ ಮೊದಲು ಮುಂಗಡ ಕಟ್ಟಬೇಡಿ.