ನೂರು ಎಂದು ಗುರುತಿಸಿದ ವರ್ಷ

ಪ್ರತಿ ತಿಂಗಳ 14ರ ಆಸುಪಾಸಿಗೆ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಆರ್ಥಿಕ ಸಲಹೆಗಾರರ ಕಚೇರಿ ಸಗಟು ಬೆಲೆ ಸೂಚ್ಯಂಕವನ್ನು ಹೊರಡಿಸುತ್ತದೆ. ಮಾರನೆಯ ದಿನ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಒಂದು ಅಂಕಿ ಬರುತ್ತದೆ: ಸಗಟು ಹಣದುಬ್ಬರ ಇಷ್ಟು, ಹೋದ ತಿಂಗಳು ಅಷ್ಟು. ದೇಶದಲ್ಲಿ ವಸ್ತು ತಯಾರಿಸುವವರಿಗೆ, ಬೆಳೆಯುವವರಿಗೆ, ಅಗೆಯುವವರಿಗೆ ಸಿಗುವ ಬೆಲೆ ಏನಾಗುತ್ತಿದೆ ಎಂಬುದನ್ನು ಈ ಅಂಕಿ ಹೇಳುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಆ ನಂಬಿಕೆ ಅಂಕಿಯ ಯೋಗ್ಯತೆಗಿಂತ ದೊಡ್ಡದು. ಸಂಡೂರಿನ ಅದಿರು, ಕಂಪ್ಲಿಯ ಭತ್ತ ಎರಡೂ ಕೂಗಳತೆಯಲ್ಲಿರುವ ಹೊಸಪೇಟೆಯಲ್ಲಿ ಕೂತು ಓದಿದರೆ ಅದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಸೂಚ್ಯಂಕದ ಚರಿತ್ರೆ ಇಲ್ಲಿ ಬೇಡ. ಈಗ ನಾವು ಚರ್ಚಿಸುತ್ತಿರುವುದು 2017ರ ಮೇ ತಿಂಗಳಲ್ಲಿ ಬಂದ, 2011-12ನ್ನು ಮೂಲ ವರ್ಷವಾಗಿಟ್ಟುಕೊಂಡ ಸರಣಿ. ಅದರಲ್ಲಿ 697 ಸರಕುಗಳಿವೆ. ನೂರರಲ್ಲಿ ಸುಮಾರು 64 ಪಾಲು ಕಾರ್ಖಾನೆ ಸರಕುಗಳದು, 23ರ ಹತ್ತಿರ ಕೃಷಿ ಮತ್ತು ಗಣಿಯಂಥ ಪ್ರಾಥಮಿಕ ಸರಕುಗಳದು, 13 ಇಂಧನ ಮತ್ತು ವಿದ್ಯುತ್ತಿನದು. ಪರೋಕ್ಷ ತೆರಿಗೆಯನ್ನು ಬೆಲೆಯಿಂದ ತೆಗೆದುಹಾಕಿದ್ದು, ಗುಣೋತ್ತರ ಸರಾಸರಿಯನ್ನು ಅಳವಡಿಸಿದ್ದು ಆ ಸರಣಿಯ ಎರಡು ಒಳ್ಳೆಯ ಕೆಲಸಗಳು. ಇದನ್ನು ಒಪ್ಪಿಕೊಂಡೇ ನನ್ನ ತಕರಾರಿಗೆ ಬರುತ್ತೇನೆ.

ತಕರಾರು ಮೂಲ ವರ್ಷದ್ದು. ಮೂಲ ವರ್ಷ ಎಂದರೆ ಆ ವರ್ಷದ ಸರಾಸರಿ ಬೆಲೆಯನ್ನು ನೂರು ಎಂದು ಗುರುತಿಸುವುದು. ಮುಂದಿನ ಎಲ್ಲ ತಿಂಗಳುಗಳನ್ನೂ ಆ ನೂರರ ಎದುರು ನಿಲ್ಲಿಸಿ ಅಳೆಯುವುದು. ಯಾವ ಸರಕಿಗೆ ಎಷ್ಟು ತೂಕ ಎಂಬುದು ನಿಷ್ಕರ್ಷೆಯಾಗುವುದೂ ಆ ವರ್ಷದ ವಹಿವಾಟಿನ ಮೇಲೆಯೇ. ಅದಕ್ಕಾಗಿಯೇ ಮೂಲ ವರ್ಷ ಸಹಜ ವರ್ಷವಾಗಿರಬೇಕು, ಬರ, ಯುದ್ಧ, ಮಾರುಕಟ್ಟೆ ಕುಸಿತಗಳಿಲ್ಲದ ವರ್ಷವಾಗಿರಬೇಕು ಎಂಬುದು ಈ ಶಾಸ್ತ್ರದ ಮೊದಲ ಪಾಠ. ಈಗ 2011-12ನ್ನು ನಮ್ಮ ಸೀಮೆಯಲ್ಲಿ ನಿಂತು ನೋಡೋಣ.

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆಯ ವರದಿ ಸರ್ಕಾರದ ಕೈ ಸೇರಿತು. ಎರಡು ದಿನ ಕಳೆದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆ ಆದೇಶ ವಿಸ್ತರಿಸಿತು. ಅದಿರು ರಫ್ತನ್ನು ರಾಜ್ಯ ಸರ್ಕಾರ ಅದಕ್ಕೆ ಒಂದು ವರ್ಷ ಮೊದಲೇ ತಡೆದಿತ್ತು. ದೋಣಿಮಲೈನ ಸರ್ಕಾರಿ ಸ್ವಾಮ್ಯದ ಎನ್‌ಎಂಡಿಸಿಗೆ ಮಾತ್ರ ಅಗೆಯಲು ಅನುಮತಿ ಸಿಕ್ಕಿತು. ಅಗೆದು ರಾಶಿ ಹಾಕಿದ್ದ ಅದಿರನ್ನು ಕೋರ್ಟು ನೇಮಿಸಿದ ಉಸ್ತುವಾರಿ ಸಮಿತಿ ಇ-ಹರಾಜಿನಲ್ಲಿ ಮಾರಲಾರಂಭಿಸಿತು. ಹೊಸಪೇಟೆ, ಸಂಡೂರಿನಲ್ಲಿ ಲಾರಿಗಳು ನಿಂತವು, ಸುತ್ತಲಿನ ಸ್ಪಾಂಜ್ ಐರನ್ ಘಟಕಗಳು ಅದಿರಿಲ್ಲದೆ ಬಾಗಿಲು ಹಾಕಿದವು. ಇಂಥ ವರ್ಷದಲ್ಲಿ ಒಂದು ಟನ್ ಅದಿರಿಗೆ ಬಂದ ಬೆಲೆ ಮಾರುಕಟ್ಟೆಯ ಬೆಲೆಯಲ್ಲ. ಮಾರುವವನು ಮಾರಲಾರದ, ಕೊಳ್ಳುವವನು ಹರಾಜಿನ ಹೊರಗೆ ಕೊಳ್ಳಲಾರದ ಸ್ಥಿತಿಯಲ್ಲಿ ಹುಟ್ಟಿದ ಬೆಲೆ ಅದು. ದೇಶದ ಲೆಕ್ಕಪುಸ್ತಕದಲ್ಲಿ ಅದೇ ವರ್ಷ ನೂರಾಯಿತು.

ದೇಶದಲ್ಲಿ ಅದಿರು ಒಡಿಶಾದಿಂದಲೂ ಬರುತ್ತದೆ, ಛತ್ತೀಸಗಢದಿಂದಲೂ ಬರುತ್ತದೆ, ಖನಿಜಗಳ ಒಟ್ಟು ತೂಕವೇ 0.83, ಒಂದು ಜಿಲ್ಲೆಯ ಸಂಕಟದಿಂದ ಸೂಚ್ಯಂಕ ಎಷ್ಟು ಅಲುಗೀತು ಎಂದು ಕೇಳುವವರಿದ್ದಾರೆ. ಒಟ್ಟು ಸೂಚ್ಯಂಕ ಹೆಚ್ಚು ಅಲುಗದು, ನಿಜ. ಆದರೆ ಅದಿರು ಅದಿರಾಗಿಯೇ ಉಳಿಯುವುದಿಲ್ಲ. ತೋರಣಗಲ್ಲಿನಲ್ಲಿ ಅದು ಉಕ್ಕಾಗುತ್ತದೆ, ಕೊಪ್ಪಳದ ಬೇವಿನಹಳ್ಳಿಯಲ್ಲಿ ಬೀಡುಕಬ್ಬಿಣವಾಗುತ್ತದೆ. ಮೂಲ ಲೋಹಗಳಿಗೆ ಸೂಚ್ಯಂಕದಲ್ಲಿ 9.6ರಷ್ಟು ತೂಕವಿದೆ. ಖನಿಜದ ಮೊದಲ ಮೆಟ್ಟಿಲಲ್ಲಿ ಆದ ಏರುಪೇರು ಲೋಹದ ಮೆಟ್ಟಿಲಿಗೂ ಏರುತ್ತದೆ.

ಇನ್ನೂ ಗಂಭೀರವಾದದ್ದು ಮುಂದಿದೆ. 2025ರ ಜನವರಿಯಲ್ಲಿ ನೀತಿ ಆಯೋಗದ ಸದಸ್ಯ ರಮೇಶ್ ಚಂದ್ ಅವರ ಅಧ್ಯಕ್ಷತೆಯಲ್ಲಿ ರಚಿಸಿದ ಕಾರ್ಯತಂಡಕ್ಕೆ ಕೊಟ್ಟ ಕೆಲಸ, ಮೂಲ ವರ್ಷವನ್ನು 2022-23ಕ್ಕೆ ಬದಲಿಸುವುದು. 2022-23ರಲ್ಲಿ ಸಂಡೂರಿನ ಅದಿರಿಗೆ ಏನಾಯಿತು? 2022ರ ಮೇ 20ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಅದಿರನ್ನು ಇ-ಹರಾಜಿನ ಹೊರಗೆ, ನೇರ ಒಪ್ಪಂದದ ಮೂಲಕ ಮಾರಲು ಮತ್ತು ರಫ್ತು ಮಾಡಲು ಅವಕಾಶ ಕೊಟ್ಟಿತು. ಅದರ ಬೆನ್ನಿಗೇ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು. ಒಂದು ಕೈ ಬಾಗಿಲು ತೆಗೆಯಿತು, ಇನ್ನೊಂದು ಕೈ ಮುಚ್ಚಿತು. ಆಗಸ್ಟ್‌ನಲ್ಲಿ ಕೋರ್ಟು ಬಳ್ಳಾರಿಯ ವಾರ್ಷಿಕ ಉತ್ಪಾದನಾ ಮಿತಿಯನ್ನು 2.8 ಕೋಟಿ ಟನ್ನಿನಿಂದ 3.5 ಕೋಟಿ ಟನ್ನಿಗೆ ಏರಿಸಿತು. ನವೆಂಬರ್‌ನಲ್ಲಿ ಕೇಂದ್ರ ಆ ಸುಂಕ ಏರಿಕೆಯನ್ನು ಹಿಂದಕ್ಕೆ ಪಡೆಯಿತು. ಹನ್ನೆರಡೇ ತಿಂಗಳಲ್ಲಿ ಮಾರಾಟದ ವಿಧಾನ, ಸುಂಕ, ಉತ್ಪಾದನಾ ಮಿತಿ ಮೂರೂ ಬದಲಾದ ವರ್ಷವನ್ನು ಸಹಜ ವರ್ಷ ಎಂದು ಯಾವ ಮಾನದಂಡದಿಂದ ಕರೆಯುವುದು? ಒಂದು ಸರಕಿನ ಬದುಕಿನಲ್ಲಿ ಅತ್ಯಂತ ಅಸಹಜವಾದ ಎರಡು ವರ್ಷಗಳನ್ನೇ ಎರಡು ಸಲ ಅಳತೆಗೋಲಾಗಿ ಆರಿಸಿದಂತಾಗುತ್ತದೆ. ಇದರಲ್ಲಿ ದುರುದ್ದೇಶವಿಲ್ಲ. ದೆಹಲಿಯಿಂದ ನೋಡುವವರಿಗೆ ಸಂಡೂರು ಕಂಡಿಲ್ಲ, ಅಷ್ಟೇ. ಆದರೆ ಕಾಣದಿರುವುದು ಅಳತೆಯ ಕೆಲಸದಲ್ಲಿ ಸಣ್ಣ ತಪ್ಪಲ್ಲ.

ಇದೇ ಅದಿರಿಗೆ ಇನ್ನೊಂದು ಲೆಕ್ಕವಿದೆ, ಅದನ್ನು ಯಾವ ಪತ್ರಿಕೆಯೂ ಸುದ್ದಿ ಮಾಡುವುದಿಲ್ಲ. ನಾಗಪುರದ ಭಾರತೀಯ ಗಣಿ ಬ್ಯೂರೋ ತಿಂಗಳಿಗೊಮ್ಮೆ ಖನಿಜಗಳ ಸರಾಸರಿ ಮಾರಾಟ ಬೆಲೆಯನ್ನು ಪ್ರಕಟಿಸುತ್ತದೆ. ಗಣಿ ಮಾಲೀಕರು ಸಲ್ಲಿಸುವ ಮಾಸಿಕ ವಿವರಗಳೇ ಅದರ ಆಧಾರ. ಅಲ್ಲಿ ಕರ್ನಾಟಕಕ್ಕೆ ಬೇರೆ ಸಾಲು, ಗಟ್ಟಿ ಅದಿರಿಗೆ ಬೇರೆ, ಪುಡಿ ಅದಿರಿಗೆ ಬೇರೆ, ಕಬ್ಬಿಣದ ಅಂಶಕ್ಕೆ ತಕ್ಕಂತೆ ದರ್ಜೆಗಳು ಬೇರೆ. ಶೇ 15ರ ರಾಜಧನ ಈ ಬೆಲೆಯ ಮೇಲೆ ನಿಂತಿದೆ; ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹೋಗುವ ಹಣ ಆ ರಾಜಧನದ ಮೇಲೆ ನಿಂತಿದೆ. ಸಂಡೂರಿನ ಹಳ್ಳಿಯೊಂದಕ್ಕೆ ಕುಡಿಯುವ ನೀರಿನ ಘಟಕ ಬರುತ್ತದೋ ಇಲ್ಲವೋ ಎಂಬುದಕ್ಕೂ ಈ ಪಟ್ಟಿಗೂ ನೇರ ಸಂಬಂಧವಿದೆ. ತಡವಾಗಿ ಬರುವುದು ಅದರ ದೋಷ. ಆದರೂ ಉತ್ಪಾದಕನ ಬೆಲೆ ಎಂಬ ಹೆಸರಿಗೆ ಅರ್ಹವಾದ ದಾಖಲೆ ಅದೇ.

ಈಗ ಸಗಟು ಸೂಚ್ಯಂಕದ ಪ್ರಕಟಣೆಯ ಒಂದು ವಾಕ್ಯವನ್ನು ತೆಗೆದುಕೊಳ್ಳುತ್ತೇನೆ. ಪ್ರತಿ ತಿಂಗಳೂ ಅದು ಇರುತ್ತದೆ: ಹಣದುಬ್ಬರ ಹೀಗಾಗಲು ಇಂತಿಂಥ ಸರಕುಗಳ ಬೆಲೆ ಏರಿದ್ದು ಅಥವಾ ಇಳಿದದ್ದು ಮುಖ್ಯ ಕಾರಣ ಎಂಬ ಅರ್ಥದ ವಾಕ್ಯ. ಆಹಾರ ವಸ್ತು, ಖನಿಜ ತೈಲ, ಮೂಲ ಲೋಹ, ಜವಳಿ ಎಂದು ಪಟ್ಟಿ ಸಾಗುತ್ತದೆ. ಇದನ್ನು ಕಾರಣ ಎನ್ನುವುದು ತಪ್ಪು. ಒಟ್ಟು ಮೊತ್ತ ಏರಿದ್ದಕ್ಕೆ ಅದರ ಭಾಗಗಳು ಏರಿದ್ದೇ ಕಾರಣ ಎಂದು ಹೇಳಿದಂತಾಯಿತು, ಭಾಗಗಳು ಏಕೆ ಏರಿದವು ಎಂಬುದು ಅಲ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಶೀರ್ಷಿಕೆಯಲ್ಲಿ ಬರುವ ಅಂಕಿ ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ಮಾಡಿದ ಹೋಲಿಕೆ. ಅದರ ಅರ್ಧ ಕಾರಣ ಹೋದ ವರ್ಷದಲ್ಲಿ ಅಡಗಿರುತ್ತದೆ. 2021ರ ಮೇನಲ್ಲಿ ಸೂಚ್ಯಂಕ 133ರ ಹತ್ತಿರವಿತ್ತು. ಉಕ್ರೇನ್ ಯುದ್ಧದ ಬಳಿಕ, 2022ರ ಮೇನಲ್ಲಿ ಅದು 155. 2023ರ ಮೇನಲ್ಲಿ 150ರ ಹತ್ತಿರ. ಆಗ ಪ್ರಕಟವಾದ ಸುದ್ದಿ, ಸಗಟು ಹಣದುಬ್ಬರ ಸೊನ್ನೆಗಿಂತ ಕೆಳಗೆ. ಆ ವರ್ಷ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ತಿಂಗಳೂ ಹಾಗೆಯೇ ಇತ್ತು. ಎರಡು ವರ್ಷದ ಹಿಂದಿಗಿಂತ ಬೆಲೆಮಟ್ಟ ಹನ್ನೆರಡು ಶೇಕಡದಷ್ಟು ಮೇಲಿದ್ದಾಗಲೂ ಓದುಗರ ಮನಸ್ಸಿನಲ್ಲಿ ಉಳಿದದ್ದು ಅಗ್ಗವಾಯಿತು ಎಂಬ ಭಾವನೆ.

ಅಂಕಿಯಾದರೂ ಗಟ್ಟಿಯೇ? 2022ರ ಮೇ ತಿಂಗಳಿಗೆ ಮೊದಲು ಘೋಷಿಸಿದ್ದು ಶೇ 15.88. ಹತ್ತು ವಾರಗಳ ಬಳಿಕ ಅಂತಿಮವಾದದ್ದು ಶೇ 16.63. ಮುಕ್ಕಾಲು ಅಂಶದ ವ್ಯತ್ಯಾಸ. ತಿಂಗಳಿಂದ ತಿಂಗಳಿಗೆ ಕಾಲು ಅಂಶ ಏರಿತು, ಕಾಲು ಅಂಶ ಇಳಿಯಿತು ಎಂದು ವ್ಯಾಖ್ಯಾನ ಬರೆಯುವವರು ಈ ಮುಕ್ಕಾಲನ್ನು ನೆನಪಿಡಬೇಕು. ಮೊದಲ ಅಂಕಿಗೆ ದೊಡ್ಡ ಶೀರ್ಷಿಕೆ ಸಿಗುತ್ತದೆ, ತಿದ್ದಿದ ಅಂಕಿಗೆ ಒಂದು ಸಾಲೂ ಸಿಗುವುದಿಲ್ಲ.

ಹಾಗಾದರೆ ಹಿಂದಿನ ತಿಂಗಳಿನೊಂದಿಗೆ ಹೋಲಿಸಿ ಎನ್ನಬಹುದು. ಪ್ರಕಟಣೆಯಲ್ಲಿ ಆ ಲೆಕ್ಕವೂ ಇದೆ. ಆದರೆ ಅದರಲ್ಲಿ ಋತುಮಾನವನ್ನು ಕಳೆದಿರುವುದಿಲ್ಲ. ಅಮೆರಿಕದಲ್ಲಿ ಉತ್ಪಾದಕರ ಬೆಲೆಯ ಮಾಸಿಕ ಬದಲಾವಣೆಯನ್ನು ಋತುಮಾನದ ಏರಿಳಿತ ಕಳೆದೇ ಪ್ರಕಟಿಸುತ್ತಾರೆ. ನಮ್ಮಲ್ಲಿ ಅದರ ಅಗತ್ಯ ಅವರಿಗಿಂತ ಹೆಚ್ಚು. ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಸೋನಾ ಮಸೂರಿ ಕಾಲುವೆ ನೀರಿನ ಲೆಕ್ಕದಲ್ಲಿ ಒಟ್ಟಿಗೆ ನಾಟಿಯಾಗಿ ಒಟ್ಟಿಗೆ ಕೊಯ್ಲಿಗೆ ಬರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ 75 ಕೆ.ಜಿ. ಚೀಲದ ದರ ಇಳಿಯುವುದು ಪ್ರತಿ ವರ್ಷದ ಮಾತು. ಭತ್ತಕ್ಕೆ ಸೂಚ್ಯಂಕದಲ್ಲಿ ಸುಮಾರು 1.4 ತೂಕವಿದೆ, ಕೊಯ್ಲಿನ ಕುಸಿತ ಯಾವುದು, ನಿಜವಾದ ಕುಸಿತ ಯಾವುದು ಎಂದು ಬೇರ್ಪಡಿಸದ ಮಾಸಿಕ ಅಂಕಿ ರೈತನಿಗೂ ಉಪಯೋಗವಿಲ್ಲ, ರೈಸ್ ಮಿಲ್ಲಿನವನಿಗೂ ಇಲ್ಲ. ಋತುಮಾನ ಕಳೆದರೂ ಸೂಚ್ಯಂಕಕ್ಕೆ ಕಾಣದ್ದೊಂದಿದೆ: ಮಾರಲು ಭತ್ತವೇ ಇಲ್ಲದ ವರ್ಷದಲ್ಲಿ ಬೆಲೆ ಏರಿದರೆ ಯಾರಿಗೆ ಬಂತು ಭಾಗ್ಯ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಹೊಸ ಗೇಟುಗಳನ್ನು ಕೂರಿಸುವ ಕೆಲಸಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನವಾಯಿತು. ಬೆಲೆಯ ಸೂಚ್ಯಂಕ ಇಂಥ ನಷ್ಟವನ್ನು ಎಂದೂ ತೋರಿಸಲಾರದು.

ಇಷ್ಟು ಹೇಳಿದ ಮೇಲೆ, ನನ್ನ ಪಕ್ಷದವರೆಂದು ಕಾಣಿಸುವ ಕೆಲವರೊಡನೆ ಜಗಳವಾಡಲೇಬೇಕು. ಊರ್ಜಿತ್ ಪಟೇಲ್ ಸಮಿತಿ 2014ರಲ್ಲಿ ಗ್ರಾಹಕ ಬೆಲೆ ಸೂಚ್ಯಂಕವನ್ನು ಮುಂದಿಟ್ಟ ಮೇಲೆ, ರಿಸರ್ವ್ ಬ್ಯಾಂಕ್ ಶೇ 4ರ ಗುರಿಯನ್ನು ಅದಕ್ಕೇ ಕಟ್ಟಿದ ಮೇಲೆ, ಸಗಟು ಸೂಚ್ಯಂಕ ಸತ್ತಿತು, ಅದರ ಬಗ್ಗೆ ಬರೆಯುವುದೇ ವ್ಯರ್ಥ ಎನ್ನುವ ವಿಮರ್ಶಕರಿದ್ದಾರೆ. ಅವರು ಬಡ್ಡಿದರವೊಂದನ್ನೇ ಅರ್ಥಶಾಸ್ತ್ರ ಎಂದುಕೊಂಡಿದ್ದಾರೆ. ರಾಷ್ಟ್ರೀಯ ಹೆದ್ದಾರಿಗಳ 2008ರ ಶುಲ್ಕ ನಿಯಮಗಳ ಪ್ರಕಾರ ಟೋಲ್ ದರ ವರ್ಷಕ್ಕೆ ಶೇ 3ರ ಜೊತೆಗೆ ಸಗಟು ಸೂಚ್ಯಂಕದ ಏರಿಕೆಯ ಶೇ 40ರಷ್ಟು ಏರುತ್ತದೆ. ಔಷಧ ಬೆಲೆ ನಿಯಂತ್ರಣದ 2013ರ ಆದೇಶದ ಪ್ರಕಾರ ಅಗತ್ಯ ಔಷಧಗಳ ಗರಿಷ್ಠ ಬೆಲೆಯನ್ನು ಇದೇ ಸೂಚ್ಯಂಕಕ್ಕೆ ತಕ್ಕಂತೆ ಬದಲಿಸಬಹುದು: 2022ರ ಏಪ್ರಿಲ್‌ನಲ್ಲಿ ಶೇ 10.77, 2023ರಲ್ಲಿ ಶೇ 12.12, 2024ರಲ್ಲಿ ಶೇ 0.00551. ಹೊಸಪೇಟೆಯ ಔಷಧಿ ಅಂಗಡಿಯಲ್ಲಿ ರಕ್ತದೊತ್ತಡದ ಮಾತ್ರೆ ಕೊಳ್ಳುವ ಮುದುಕರಿಗೆ ಉಕ್ಕು, ಡೀಸೆಲ್, ಅಡುಗೆ ಎಣ್ಣೆಯ ಬೆಲೆಗಳನ್ನೆಲ್ಲ ಕಲಸಿದ ಅಂಕಿಯೇ ಆ ಮಾತ್ರೆಯ ಬೆಲೆಯನ್ನೂ ಏರಿಸಿತು. ಮಾತ್ರೆಗೂ ಉಕ್ಕಿಗೂ ಏನು ಸಂಬಂಧ ಎಂದು ಕೇಳಬೇಕಾದ ವಿಮರ್ಶಕರೇ ಸೂಚ್ಯಂಕ ಸತ್ತಿದೆ ಎಂದು ಕೈತೊಳೆದುಕೊಂಡರೆ ಕೇಳುವವರು ಯಾರು?

ಇನ್ನೊಂದು ಗುಂಪು ಉತ್ಪಾದಕರ ಬೆಲೆ ಸೂಚ್ಯಂಕ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತದೆ. ಬಿ.ಎನ್. ಗೋಲ್ಡಾರ್ ಅಧ್ಯಕ್ಷತೆಯ ತಂಡ 2017ರಲ್ಲೇ ಅದರ ಬಗ್ಗೆ ವರದಿ ಕೊಟ್ಟಿದೆ. ಸೇವೆಗಳು ಸೇರುತ್ತವೆ, ಅದಿರನ್ನೂ ಉಕ್ಕನ್ನೂ ಎರಡೆರಡು ಸಲ ಎಣಿಸುವುದು ತಪ್ಪುತ್ತದೆ, ಒಪ್ಪುತ್ತೇನೆ. ಆದರೆ ಹೊಸ ಸೂಚ್ಯಂಕವೂ 2022-23ರ ಅದಿರಿನ ಬೆಲೆಯನ್ನೇ ನೂರು ಎಂದು ಗುರುತಿಸಿದರೆ ಹೆಸರು ಬದಲಾಗಿ ದೋಷ ಉಳಿಯುತ್ತದೆ.

ಕಾರ್ಯತಂಡಕ್ಕೆ ನನ್ನ ಮನವಿ ದೊಡ್ಡದೇನಲ್ಲ. ಕಬ್ಬಿಣದ ಅದಿರಿನ ಮೂಲ ಬೆಲೆಗೆ ಒಂದೇ ವರ್ಷವನ್ನು ನೆಚ್ಚದೆ, ಗಣಿ ಬ್ಯೂರೋದ ಕರ್ನಾಟಕ ಮತ್ತು ಒಡಿಶಾ ಸಾಲುಗಳಿಂದ ಮೂರು ವರ್ಷಗಳ ಸರಾಸರಿ ತೆಗೆಯಿರಿ. ಮಾಸಿಕ ಬದಲಾವಣೆಯನ್ನು ಋತುಮಾನ ಕಳೆದು ಪ್ರಕಟಿಸಿ. ತಿದ್ದಿದ ಅಂಕಿಯನ್ನು ಪ್ರಕಟಣೆಯ ಮೊದಲ ಸಾಲಿಗೆ ತನ್ನಿ. ಕಾರಣ ಎಂಬ ವಾಕ್ಯವನ್ನು ಕೈಬಿಡಿ, ಇಲ್ಲವೇ ನಿಜವಾದ ಕಾರಣವನ್ನು ಬರೆಯಿರಿ. ಅಷ್ಟಾಗುವವರೆಗೆ ವಾಣಿಜ್ಯ ಪುಟದ ಸಂಪಾದಕರು ಶೇಕಡಾವಾರು ಅಂಕಿಯ ಪಕ್ಕದಲ್ಲಿ ಸೂಚ್ಯಂಕದ ಮಟ್ಟವನ್ನೂ ಅಚ್ಚು ಹಾಕಲಿ. ಅದಕ್ಕೆ ಒಂದು ಸಾಲು ಸಾಕು.