ಆಟಿಯಲ್ಲಿ ಖಾಲಿ ಬಿದ್ದ ಹಾಲ್‌ಗಳು

ಕಾರ್ಬನ್ ಪ್ಯಾಡಲ್ ಒಳ್ಳೆಯದೋ ಫೈಬರ್‌ಗ್ಲಾಸಿನದ್ದೋ ಎಂಬ ಜಗಳವನ್ನು ಈ ವಾರ ತೀರ್ಮಾನಿಸುತ್ತೇನೆ ಎಂದಿದ್ದೆ. ಅಷ್ಟರಲ್ಲಿ ಆಟಿ ತಿಂಗಳು ಬಂತು. ಹೊರಗೆ ಮಳೆ ಬಿಡುವ ಲಕ್ಷಣವಿಲ್ಲ, ಅಂಗಳದ ಕೋರ್ಟುಗಳೆಲ್ಲ ಹಾವಸೆ ಹಿಡಿದು ಕಾಲಿಟ್ಟರೆ ಜಾರುತ್ತವೆ. ಆಡಲು ಜಾಗವೇ ಇಲ್ಲದವನಿಗೆ ಯಾವ ಪ್ಯಾಡಲ್ ಆದರೇನು? ಈಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಪಿಕಲ್‌ಬಾಲ್ ಆಡ್ಲಿಕ್ಕೆ ಎಲ್ಲಿ ಹೋಗುವುದು ಮಾರಾಯ್ರೆ?’

ಉಡುಪಿಯ ಅಜ್ಜರಕಾಡಿನಲ್ಲಿ ಸೂರು ಇದೆ, ಅದರ ಕೆಳಗೆ ಷಟಲ್‌ನವರು ಇದ್ದಾರೆ. ಮಣಿಪಾಲದ ಮರೆನಾದಲ್ಲಿ ನೆಲವೂ ಬೆಳಕೂ ಸೊಗಸು, ಆದರೆ ಮಾಹೆಯ ವಿದ್ಯಾರ್ಥಿಗಳಿಗೇ ಮೊದಲ ಹಕ್ಕು. ಅದು ನ್ಯಾಯವೂ ಹೌದು. ಕಾಪುವಿನ ಸಮಸ್ಯೆ ಬೇರೆ. 1901ರ ದೀಪಸ್ತಂಭದ ಆಸುಪಾಸಿನಲ್ಲಿ, ಬೇಸಗೆಯಲ್ಲೂ, ಹೊತ್ತೇರಿದ ಮೇಲೆ ಪಡುಗಾಳಿ ಎದ್ದಿತೆಂದರೆ ಆಟ ಮುಗಿದ ಹಾಗೆ. 27 ಗ್ರಾಂ ಕೂಡ ಮುಟ್ಟದ ತೂತು ಚೆಂಡು ಅದು; ನೀವು ಹೊಡೆದ ಕಡೆಗೆ ಹೋಗುವುದಿಲ್ಲ, ಗಾಳಿ ಹೇಳಿದ ಕಡೆಗೆ ಹೋಗುತ್ತದೆ. ಅಲ್ಲಿ ಏನಿದ್ದರೂ ಬೆಳಗ್ಗೆ ಬೇಗ ಆಡಿ ಮುಗಿಸಬೇಕು. ಕಾರ್ಕಳದಲ್ಲಿ ಗಾಳಿಯ ಕಾಟ ಕಡಿಮೆ, ಘಟ್ಟದ ಬುಡದ ಮಳೆಯ ಕಾಟ ಹೆಚ್ಚು. ಆ ಊರಿನವರಿಗೆ ಕೋರ್ಟಿನ ಅಳತೆ ಹೇಳುವುದು ಮಾತ್ರ ಸುಲಭ: ನಿಮ್ಮ ಗೊಮ್ಮಟನ ಎತ್ತರ 42 ಅಡಿ, ಕೋರ್ಟಿನ ಉದ್ದ ಅದಕ್ಕಿಂತ ಎರಡೇ ಅಡಿ ಜಾಸ್ತಿ.

ಟರ್ಫಿಗೆ ಹೋಗಿ ಎನ್ನುವವರಿಗೆ ಈ ಅಂಕಣದಲ್ಲಿ ಹಿಂದೆಯೂ ಉತ್ತರ ಕೊಟ್ಟದ್ದುಂಟು, ಇನ್ನೊಮ್ಮೆ ಕೊಡುತ್ತೇನೆ. ಸರ್ವ್ ಒಮ್ಮೆ ಪುಟಿಯಬೇಕು, ಅದರ ಉತ್ತರವೂ ಒಮ್ಮೆ ಪುಟಿಯಬೇಕು, ಆಮೇಲೇ ವಾಲಿ. ಹಾಗಾಗಿ ಇದು ನೆಲದ ಆಟ. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬಿದ್ದ ಚೆಂಡು ಅಲ್ಲೇ ಮಲಗುತ್ತದೆ. ಸುಗ್ಗಿ ಕೊಯ್ಲಾದ ಗದ್ದೆಯಲ್ಲಿ ಅಡಿಕೆ ಕಂಬ ನೆಟ್ಟು, ಸುಣ್ಣದ ಗೆರೆ ಎಳೆದು, ಟ್ಯೂಬ್‌ಲೈಟ್ ಕಟ್ಟಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ ಮಾಡುವವರು ನಾವು. ಷಟಲೂ ಅಲ್ಲಿ ನಡೆದೀತು, ಅದಕ್ಕೆ ನೆಲದ ಹಂಗಿಲ್ಲ. ಪಿಕಲ್‌ಬಾಲಿಗೆ ಗಟ್ಟಿ ನೆಲ ಬೇಕೇ ಬೇಕು. ‘ಮೊಣಕಾಲು ಸೋತವರ ಆಟ’ ಎಂದು ಹಂಗಿಸುವ ಷಟಲ್ ಮಿತ್ರರು ಬಲೆಯ ಹತ್ತಿರದ ಕಿಚನ್ ಗೆರೆಯ ಹಿಂದೆ ನಿಂತು, ಚೆಂಡನ್ನು ಮೆಲ್ಲಗೆ ಬಲೆ ದಾಟಿಸುತ್ತ ಒಂದು ಗೇಮ್ ಡಿಂಕ್ ಮಾಡಿ ನೋಡಲಿ. ಸ್ಮ್ಯಾಶಿನ ಹೊರತು ಬೇರೆ ವಿದ್ಯೆ ಕಲಿಯದವರಿಗೆ 34 ಇಂಚಿನ ಬಲೆ ಗರ್ವಭಂಗ ಮಾಡುತ್ತದೆ.

ಅಷ್ಟಕ್ಕೂ ಈ ಆಟ ಹುಟ್ಟಿದ್ದೇ ಷಟಲ್‌ನವರ ಅಂಗಳದಲ್ಲಿ. 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ, ಜೋಯೆಲ್ ಪ್ರಿಚರ್ಡ್ ಎಂಬವರ ಮನೆಯ ಹಳೆಯ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ. ಮಕ್ಕಳಿಗೆ ಬೇಜಾರು, ರಾಕೆಟ್ ಸಿಗಲಿಲ್ಲ. ಟೇಬಲ್ ಟೆನಿಸ್ ಬ್ಯಾಟು, ತೂತಿನ ಚೆಂಡು ಹಿಡಿದು ಶುರು ಮಾಡಿದರು. ಅದಕ್ಕೇ ಇಂದಿಗೂ 20 ಅಡಿಗೆ 44 ಅಡಿ, ಷಟಲ್ ಡಬಲ್ಸ್‌ನ ಅದೇ ಅಳತೆ. ಕಡ ತಂದ ಜಾಗದಲ್ಲಿ ಹುಟ್ಟಿದ ಆಟಕ್ಕೆ ಬೆಂಗಳೂರಿನವರ ಹಾಗೆ ನೀಲಿ ಬಣ್ಣದ ಕೋರ್ಟು, ಪಕ್ಕದಲ್ಲಿ ಕಾಫಿ ಅಂಗಡಿ ಎಂದು ಕಾಯುತ್ತ ಕೂರುವುದು ನನಗಂತೂ ಅರ್ಥವಾಗುವುದಿಲ್ಲ.

ಬೆಂಗಳೂರು ಎಂದಾಗ ನೆನಪಾಗುವುದು ಬೇರೆಯೇ ಒಂದು ಕೋರ್ಟು. ನಮ್ಮ ಜಿಲ್ಲೆಯ ಪಡುಕೋಣೆಯ ಹೆಸರು ಹೊತ್ತ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಯಾವ ಸ್ಟೇಡಿಯಮ್ಮಿನಲ್ಲೂ ಅಲ್ಲ, ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲ್‌ನಲ್ಲಿ. ಮದುವೆ ಇದ್ದ ದಿನ ಅಭ್ಯಾಸವಿಲ್ಲ, ಮದುವೆ ಇಲ್ಲದ ದಿನ ಹಾಲ್ ಅವರದ್ದು. ಆ ಹಾಲ್‌ನಿಂದ ಹೊರಟವರು 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ರನ್ನು ಎರಡೇ ಗೇಮ್‌ನಲ್ಲಿ ಮಣಿಸಿ ಆಲ್ ಇಂಗ್ಲೆಂಡ್ ಗೆದ್ದರು. ಇದನ್ನು ಓದಿದವರೆಲ್ಲ ‘ಎಂಥ ಕಷ್ಟ ಪಟ್ಟಿದ್ದರು’ ಎಂದು ಕಣ್ಣರಳಿಸುತ್ತಾರೆ. ನಾನು ಓದುವುದು ಬೇರೆ ರೀತಿ. ಹಾಲ್‌ನವರು ಬಾಗಿಲು ತೆರೆದಿಟ್ಟರಲ್ಲ, ಅದು ದೊಡ್ಡದು.

ನಮ್ಮಲ್ಲಿ ಹಾಲ್‌ಗಳಿಗೇನು ಬರವೇ? ದೇವಸ್ಥಾನದ ಸಭಾಭವನ, ಸಮಾಜ ಮಂದಿರ, ಒಂದೊಂದು ಜಾತಿ ಸಂಘಕ್ಕೆ ಒಂದೊಂದು ಭವನ. ಆಟಿಯಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಮಳೆ ನಮ್ಮನ್ನು ಒಳಗೆ ಅಟ್ಟುವ ಹೊತ್ತಿಗೇ ಪಂಚಾಂಗ ಹಾಲ್‌ಗಳನ್ನು ಖಾಲಿ ಮಾಡಿಕೊಡುತ್ತದೆ! ಇಷ್ಟು ಸರಿಯಾದ ಹೊಂದಾಣಿಕೆಯನ್ನು ಯಾವ ಕ್ರೀಡಾ ಇಲಾಖೆಯೂ ಮಾಡಲಾರದು. (ಭಾನುವಾರ ಮಾತ್ರ ಕೇಳಬೇಡಿ. ಆ ದಿನ ‘ಆಟಿಡೊಂಜಿ ದಿನ’, ಪತ್ರೊಡೆಯ ಸಾಲು. ಅಲ್ಲಿಗೆ ತಿನ್ನಲು ಹೋಗಿ.) ಷಟಲಿಗೆ ಬೇಕಾದಷ್ಟು ಎತ್ತರದ ಮಾಡು ಇದಕ್ಕೆ ಬೇಡ, 18-20 ಅಡಿ ಇದ್ದರೆ ಆಯಿತು. ಸುತ್ತ ಓಡಾಡಲು 30 ಅಡಿಗೆ 60 ಅಡಿ ಸಿಕ್ಕಿದರೆ ಧಾರಾಳ. ಲಾಬ್ ಹೊಡೆದು ಫ್ಯಾನಿಗೆ ತಾಗಿಸಿದರೆ ಫಾಲ್ಟ್, ಅಷ್ಟೇ.

ನೆಲ ನೋಡಿ ಹಾಲ್ ಆರಿಸಿ. ಹಳೆಯ ಕಡಪಕಲ್ಲು, ಸಿಮೆಂಟು ಉತ್ತಮ. ಹೊಳೆಯುವ ಟೈಲ್ಸ್ ಮಳೆಗಾಲದಲ್ಲಿ ಬೆವರುತ್ತದೆ, ಸೊಂಟದ ಮೇಲೆ ಆಸೆಯಿದ್ದವರು ಅಲ್ಲಿ ಆಡಬಾರದು. ಚೆಂಡು 26 ತೂತಿನ ಒಳಾಂಗಣದ್ದೇ ಇರಲಿ. 40 ತೂತಿನದ್ದು ಗಟ್ಟಿ, ಹಾಲ್ ತುಂಬ ಟಕಟಕ ಸದ್ದು ಮಾಡಿ ಪಕ್ಕದ ಮನೆಯವರನ್ನು ಎಬ್ಬಿಸುತ್ತದೆ.

ಆಡಳಿತ ಸಮಿತಿಯವರಲ್ಲಿ ನನ್ನ ವಿನಂತಿ ಸಣ್ಣದು: ವಾರದ ದಿನಗಳಲ್ಲಿ ಬೆಳಗ್ಗೆ ಎರಡು ಗಂಟೆ ಬೀಗ ತೆಗೆದುಕೊಡಿ. ಆಡುವವರು ಕರೆಂಟಿನ ಹಣ ಮೊದಲೇ ಕೊಡಿ, ಆಟ ಮುಗಿದ ಮೇಲೆ ಗುಡಿಸಿ. ಗೆರೆಗೆ ಪೇಂಟರ್‌ಗಳು ಬಳಸುವ ಪೇಪರ್ ಟೇಪನ್ನೇ ಹಚ್ಚಿ. ಅಂಟು ಉಳಿದರೆ ಮರುದಿನ ಬೀಗ ತೆಗೆಯುವುದಿಲ್ಲ.